ಎಲೆ ಉದುರದ ಬೆಟ್ಟದ ಪಂಚಾಂಗ

ಹಲ್ಲಿನ ಕುರ್ಚಿ ತಯಾರಿಸುವ ಜಪಾನಿನ ಕಂಪನಿಯೊಂದು
ಹಿಲ್ಡಾಳ ಕ್ಲಿನಿಕ್ಕಿಗೆ ಪ್ರತಿವರ್ಷ ಕ್ಯಾಲೆಂಡರ್ ಕಳಿಸುತ್ತದೆ.
ಏಪ್ರಿಲಿಗೆ ಬೆಟ್ಟವೆಲ್ಲ ಗುಲಾಬಿ,
ನವೆಂಬರಿಗೆ ಬೆಂಕಿ ಬಿದ್ದ ಹಾಗೆ ಕೆಂಪು,
ಊರಿಂದ ನಡೆದೇ ಹೋಗಿ ಬರಬಹುದಂತೆ,
ಬುತ್ತಿ ಕಟ್ಟಿಕೊಂಡು, ಸಂಜೆಯ ರೈಲಿಗೆ ಮರಳಿ.
"ನಮ್ಮ ಬೆಟ್ಟಕ್ಕೆ ಒಂದೇ ತಿಂಗಳು," ಎಂದಳು ಹಿಲ್ಡಾ,
"ಕಂದು."

ಅದಕ್ಕೇ ಶುರುವಾಯಿತು ಈ ಪಂಚಾಂಗ,
ಬಲೆ ಹಗ್ಗದ ಅಂಗಡಿಯಲ್ಲಿ ಲೆಕ್ಕ ಬರೆಯುವ ನನ್ನ
ಹಳೇ ಉದ್ರಿ ಪುಸ್ತಕದ ಹಿಂಬದಿಯಲ್ಲಿ.

ಶುಕ್ರವಾರ, ಫಜರ್ ನಮಾಜು ಮುಗಿದ ಹತ್ತು ನಿಮಿಷಕ್ಕೆ
ರಿಯಾಮಿನ ದೊಡ್ಡ ಬಿಳಿ ಧೂಪದಾನಿಯ ಕೆಳಗೆ ಸೇರುತ್ತೇವೆ:
ಹಿಲ್ಡಾ, ನಾನು, ಖಲ್ಫಾನ್.
ಬಂದರಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು,
ನಮಗಿಂತ ಹದಿನಾರು ವರ್ಷ ಹಿರಿಯ,
ಯಾರಿಗೂ ಯಾವತ್ತೂ ಕಾಯದೆ ಹತ್ತುವವನು.
ಅವನ ಬಿಳಿ ಕಂದೂರ ಮೇಲೆ ಮೇಲೆ,
ನಮ್ಮ ಏದುಸಿರು ಕೆಳಗೆ.
ಬಂಡೆಗೆ ಬಳಿದ ಮೂರು ಪಟ್ಟೆ, ಹಳದಿ, ಬಿಳಿ, ಕೆಂಪು:
ದಾರಿ ಆಡುವುದು ಅಷ್ಟೇ ಮಾತು.

ಜನವರಿ: ಹಿಲ್ಡಾ ಶಾಲು ಹೊದ್ದ ವಾರ.
ಫೆಬ್ರವರಿ: ಮಳೆಯ ಮರುದಿನ, ದಾರಿ ನಡುವಿನ ಹಾಳೂರಿನಲ್ಲಿ,
ಮಾಡಿಲ್ಲದ ಗೋಡೆಗಳ ಪಕ್ಕದ ಗುಂಡಿಯಲ್ಲಿ ನೀರು,
ನೀರಲ್ಲೊಂದು ಕಪ್ಪೆ.
ಇಷ್ಟು ದಿನ ಎಲ್ಲಿತ್ತೋ, ಯಾರ ಮನೆಯಲ್ಲಿ ಬಾಡಿಗೆಗಿತ್ತೋ!
ಏಪ್ರಿಲ್: ಖಲ್ಫಾನನ ತಂಗಿ ಜಬಲ್ ಅಖ್ದರಿನಿಂದ ಕಳಿಸಿದ
ಹೊಸ ಪನ್ನೀರು, ಹೊಗೆಯ ವಾಸನೆಯದು.
ಆ ಬೆಟ್ಟ ಬೇರೆ. ಅಲ್ಲಿಗೆ ಕಾಲು ಸಾಲದು, ದೊಡ್ಡ ಗಾಡಿ ಬೇಕು.
ಮೇ ತಿಂಗಳಿಗೆ ಏನೂ ಬರೆದಿಲ್ಲ.
ಜೂನ್, ಜುಲೈ: ಬೆಟ್ಟವೇ ರಜೆ ಹಾಕಿದೆ.

ಆರಿದ್ರೆ, ಪುಷ್ಯ, ಆಶ್ಲೇಷ, ಮಘೆ:
ಮಳೆಗೊಂದೊಂದು ನಕ್ಷತ್ರ ಎಣಿಸುತ್ತಿದ್ದ ನನ್ನ ಬೆರಳಿಗೆ
ಇಲ್ಲಿ ಕೆಲಸವಿಲ್ಲ.
ಮತ್ರಾದ ಸಂದಿಯಲ್ಲಿ ನೆತ್ತಿಗೆ ಹನಿ ಬಿದ್ದಾಗ
ಹಿಲ್ಡಾ ಕೇಳುತ್ತಾಳೆ, "ಇದು ಯಾವ ಮಳೆ?"
"ಏಸಿ ಮಳೆ," ಎನ್ನುತ್ತೇನೆ,
"ಬಿತ್ತನೆಗೆ ಬಾರದು."

ಸೆಪ್ಟೆಂಬರಿನ ಎರಡನೆಯ ಶುಕ್ರವಾರ
ನೆತ್ತಿಯ ತಿರುವಿನಲ್ಲಿ ಖಲ್ಫಾನ್ ನಿಂತುಬಿಟ್ಟ.
ತೆಂಕಣದ ಕೋಡುಗಲ್ಲುಗಳ ಮೇಲೆ, ಇನ್ನೂ ಆರದ ಒಂದೇ ಚುಕ್ಕಿ.
"ಸುಹೈಲ್," ಎಂದ,
"ಇವನು ಬಂದ ಅಂದರೆ ಬಿಸಿಲಿನ ಬೆನ್ನು ಮುರಿಯಿತು.
ಬಾವಿಯ ನೀರು ತಣಿಯುತ್ತದೆ ಇನ್ನು."

ಅಯ್ಯೋ, ಇವನು ನಮ್ಮ ಅಗಸ್ತ್ಯ!
ಇವನು ಮೂಡಿದರೆ ನಮ್ಮ ಕಡೆ ಕದಡಿದ ಹೊಳೆ ತಿಳಿಯಾಗುತ್ತದೆ.
ಅಂಗಡಿಯ ಹರಕು ಅರಬಿಯಲ್ಲಿ ಹೇಳತೊಡಗಿದೆ:
ಒಂದು ಬೆಟ್ಟವಿತ್ತು, ಸೂರ್ಯನಿಗೇ ಅಡ್ಡ ಬೆಳೆಯುತ್ತಿತ್ತು,
ಕುಳ್ಳ ಮುನಿ ಬಂದ, ಬೆಟ್ಟ ಬಗ್ಗಿ ನಮಸ್ಕರಿಸಿತು,
"ನಾನು ಮರಳುವ ತನಕ ಹೀಗೇ ಇರು," ಅಂದವನೇ
ತೆಂಕಣಕ್ಕೆ ಹೊರಟುಹೋದ.

"ಮರಳಿದನೋ?"
"ಇಲ್ಲ."
ಖಲ್ಫಾನ್ ಕೈಗೋಲಿನಿಂದ ಒಂದು ಕಲ್ಲನ್ನು ಆಚೆ ಸರಿಸಿದ,
ಮತ್ತೆ ಈಚೆ ಸರಿಸಿದ.
"ಬೆಟ್ಟಕ್ಕೆ ಯಾರೂ ಹೇಳಲೇ ಇಲ್ಲವೇ?"

ಹಿಲ್ಡಾ ಬಗ್ಗಿ ಶೂ ಲೇಸು ಕಟ್ಟುತ್ತಿದ್ದಳು.
"ನಾನೂ ಎರಡೇ ವರ್ಷ ಅಂದಿದ್ದೆ," ಎಂದಳು.
ಗಂಟು ಬಿದ್ದ ಮೇಲೂ
ಸ್ವಲ್ಪ ಹೊತ್ತು ಹಾಗೇ ಬಗ್ಗಿದ್ದಳು.
ಯಾರಿಗೆ ಅಂದದ್ದು ಎಂದು ನಾವು ಕೇಳಲಿಲ್ಲ.

ಇಳಿಜಾರಿನಲ್ಲಿ ಆಡುಗಳು. ಅದರಾಚೆ ಹಳೇ ಖಬರಸ್ಥಾನ.
ಕೆಳಗಿನಿಂದ ಮೀನಿನ, ಲೋಬಾನದ, ಯಾರದೋ ಚಹಾದ ವಾಸನೆ.
ಕೊನೆಯ ತಿರುವಿನಲ್ಲಿ
ಖಲ್ಫಾನ್ ನಮಗೆ ಬೆನ್ನು ಹಾಕಿ ನಿಂತಿದ್ದ,
ಬಂದರಿನ ಹಡಗನ್ನು ಎಂದೂ ಕಾಣದವನಂತೆ ನೋಡುತ್ತ,
ನಾವು ಮುಟ್ಟುವ ತನಕ.

ಉದ್ರಿ ಪುಸ್ತಕದಲ್ಲಿ ಬರೆದೆ.
ಸೆಪ್ಟೆಂಬರ್: ಕೈಯಿಟ್ಟರೆ ಬಂಡೆ ಇನ್ನೂ ಬಿಸಿ,
ಕೈ ತೆಗೆಯುವಷ್ಟಲ್ಲ.