ನಡುವಿನ ಡಬ್ಬ

ಮಂಡ್ಯ, ಗುತ್ತಲು ರಸ್ತೆಯ ಮನೆ.
ಐದು ಸ್ಪೀಕರು, ಜೊತೆಗೆ ಗುಮ್ಮುವ ಪೆಟ್ಟಿಗೆ ಒಂದು.
ಬಾಂಬು ಸಿಡಿದರೆ ಅಡುಗೆಮನೆಯ ಡಬರಿ ಕುಣಿಯುತ್ತದೆ.
ಮಾತು ಬಂದರೆ ಮಾತ್ರ
ಕಂಬಳಿಯೊಳಗಿಂದ ಬಂದಂತೆ.

'ಏನಂದ್ಲು ಅವ್ಳು?'
ಮೂವತ್ತು ವರ್ಷ ಸಕ್ಕರೆ ಫ್ಯಾಕ್ಟರಿಯಲ್ಲಿ
ಕಬ್ಬರೆಯುವ ಯಂತ್ರದ ಪಕ್ಕ ನಿಂತ ಮಾವನಿಗೆ
ಸ, ಶ, ತ ಮೊದಲೇ ಸವೆದಿವೆ.
ದೇವೀರತ್ತೆ ಅವರೆಕಾಯಿ ಸುಲಿಯುತ್ತಲೇ:
'ಬರಾಕಿಲ್ವಂತೆ.'
'ಯಾಕಂತೆ?'
'ಅದ್ನ ಇನ್ನೂ ಹೇಳಿಲ್ಲ, ಇರಿ.'

ಭಾನುವಾರ ಟೇಪು ಹಿಡಿದು ಕೂತೆ.
ಷೋಕೇಸಿನ ಗಾಜಿನ ಹಿಂದೆ
ಕಬಡ್ಡಿ ಕಪ್ಪುಗಳ ನಡುವೆ ಉಸಿರುಕಟ್ಟಿದ್ದ
ನಡುವಿನ ಡಬ್ಬವನ್ನು ಈಚೆಗೆಳೆದು
ಟೀವಿಯ ಕೆಳಗೆ, ಹಲಗೆಯ ಅಂಚಿಗೇ ತಂದು
ಮೂತಿಯಡಿ ಚೌಕಾಬಾರದ ಎರಡು ಕವಡೆ ಇಟ್ಟು
ಮಾವನ ಕಿವಿಯತ್ತ ಎತ್ತಿದೆ.
ಗುಮ್ಮುವುದನ್ನು ಮೂಲೆಯಿಂದ ಬಿಡಿಸಿ ದನಿ ತಗ್ಗಿಸಿದೆ.
ಕೆಂಪು ನೆಲಕ್ಕೆ ಜಮಖಾನ. ಬರಿನೆಲ
ಬಿದ್ದ ಮಾತನ್ನೆಲ್ಲ ಚೆಂಡಿನಂತೆ ಎಸೆಯುತ್ತಿತ್ತು.

ರಾತ್ರಿ ಅದೇ ಸಿನಿಮಾ.
ನಾಯಕಿಯ ಪಿಸುಮಾತೂ
ಒಗ್ಗರಣೆಯ ಸಾಸಿವೆಯಂತೆ ಬಿಡಿಬಿಡಿ.
ಮಾವ ನಕ್ಕ, ನಗಬೇಕಾದ ಗಳಿಗೆಗೇ.
ಒಂದು ಸಲವೂ ಪಕ್ಕಕ್ಕೆ ತಿರುಗಲಿಲ್ಲ.

ಅತ್ತೆಯ ತುಟಿ ಮಾತ್ರ ಆಡುತ್ತಲೇ ಇತ್ತು,
ಪ್ರತಿ ಮಾತನ್ನೂ
ಒಂದು ಕಾಯಿ ಸುಲಿಯುವಷ್ಟು ತಡವಾಗಿ.
ಮೊರದಲ್ಲಿ ಸಿಪ್ಪೆಯೂ ಕಾಳೂ ಬೆರೆತುಹೋದವು.

'ಏನಂದೆ?' ಎಂದ ಮಾವ, ಪರದೆ ಬಿಟ್ಟು.
'ನಾನೆಲ್ಲಿ ಏನಂದೆ?'
ಎಂದವಳು ಮೊರ ಎತ್ತಿಕೊಂಡು
ಅವನ ಎಡಗಿವಿಯ ಪಕ್ಕಕ್ಕೆ,
ಡಬ್ಬಕ್ಕಿಂತ ಆರಡಿ ಹತ್ತಿರ, ಸರಿದು ಕೂತಳು.