ಮುಳ್ಳು

ರೊಸಾರಿಯೊದ ಮೂರನೇ ಶೆಡ್ಡಿನಲ್ಲಿ
ಫ್ಲೋರ್ದೆಲಿಸಾ ಚಿಮುಟ ಹಿಡಿಯುವುದು
ಅವಳವ್ವನ ಹಾಗೆಯೇ, ಕಿರುಬೆರಳೆತ್ತಿ.

ಅವ್ವ ದಗುಪಾನಿನ ಸಂತೆಯಲ್ಲಿ
ಬಾಂಗುಸ್ ಮೀನಿನ ಮುಳ್ಳು ಕೀಳುವವಳು.
ಒಂದು ಮೀನಿಗೆ ಇನ್ನೂರು ಚಿಲ್ಲರೆ. ಮೈ ಹರಿಯಬಾರದು.
ಇವಳದು ಚಿಪ್. ಸೂಕ್ಷ್ಮದರ್ಶಕದಡಿ
ಕೂದಲಿಗಿಂತ ಸಣ್ಣ ಚಿನ್ನದ ತಂತಿ,
ಅಡ್ಡ ಬಿದ್ದದ್ದನ್ನು ಎತ್ತಬೇಕು, ಉಸಿರು ಬಿಡದೆ.

ಗೋಡೆಯ ಮೇಲೆ ರಫ್ತಿನ ಗೆರೆ ಏರಿತ್ತು.
"ದೇಶವೇ ಏರುತ್ತಿದೆ" ಅಂದ ಮ್ಯಾನೇಜರ್.

ಊಟದ ಹೊತ್ತಿಗೆ ಅವಳ ಲೆಕ್ಕ:
ಬಿಲ್ಲೆ ಒಬ್ಬರದು, ಚಿನ್ನ ಇನ್ನೊಬ್ಬರದು,
ಯಂತ್ರ ಬಾಡಿಗೆಯದು, ವಿನ್ಯಾಸ ಯಾರದೋ ಬೀಗದೊಳಗೆ.
ನೂರರಲ್ಲಿ ನಮ್ಮದೆಷ್ಟು?
ತಟ್ಟೆಯಂಚಿಗೆ ಅಗುಳು ಸರಿಸಿದಳು. ಏಳು.
ಅದರಲ್ಲೂ ಎರಡು ಕರೆಂಟಿನವರಿಗೆ.

ನಾನು ನಕ್ಕೆ. ಅವಳು ನಗಲಿಲ್ಲ.
"ಮೀನು ಮನಿಲಾದ ಹೋಟೆಲಿಗೆ ಹೋಗುತ್ತಿತ್ತು.
ಮುಳ್ಳು ಮನೆಗೆ ಬರುತ್ತಿತ್ತು.
ಸಾರು ಮಾತ್ರ, ಸುಳ್ಳು ಹೇಳಬಾರದು, ರುಚಿಯಾಗಿರುತ್ತಿತ್ತು."

ಈಗ ರಾತ್ರಿಪಾಳಿ ಮುಗಿಸಿ
ಜೀಪ್ನಿಯಲ್ಲಿ ನಿಂತೇ ಇಮೂಸಿಗೆ ಹೋಗುತ್ತಾಳೆ,
ಸರ್ಕೀಟು ಬರೆಯಲು ಕಲಿಯುವುದಕ್ಕೆ.
ನೀರಿನ ಬಿಲ್ಲಿನ ಬೆನ್ನ ಮೇಲೆ ಒಂದನ್ನು ತೋರಿಸಿದಳು:
ನಡುವೆ ಬೆನ್ನೆಲುಬು, ಎರಡೂ ಕಡೆ ಸಣ್ಣ ಸಣ್ಣ ಕವಲು,
ಒಂದು ಸೊಟ್ಟ, ಒಂದನ್ನು ಅಳಿಸಿ ಬರೆದದ್ದು.

"ಇದು ಯಾವ ಮೀನೇ?" ಎಂದೆ.
"ಇನ್ನೂ ಬಲೆಗೆ ಬಿದ್ದಿಲ್ಲ" ಅಂದಳು.