ಯಾವ ದೇವರ ಹರಕೆ

ಮೂವತ್ತು ವರ್ಷ ಊರವರ ಟ್ಯೂಬಿಗೆ ತೇಪೆ ಹಚ್ಚಿದವನು
ಹರಿಹರದ ಸೇತುವೆಯಾಚೆ ಒಮ್ಮೆಯೂ ಪೆಡಲು ತುಳಿದಿರಲಿಲ್ಲ.
ಅಂಗಡಿಗೆ ಬೀಗ ಹಾಕಿ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದ:
'ಆರು ದಿನ ಇಲ್ಲ.'
ಯೋಚಿಸಿ, ಕೆಳಗೆ ಸೇರಿಸಿದ: 'ಇಬ್ಬರೂ.'

ನನ್ನದು ಹಳೇ ಲೇಡೀಸ್ ಸೈಕಲ್ಲು. ಮುಂದಿನ ಬುಟ್ಟಿಯಲ್ಲಿ
ಎರಡು ಸೇರು ಮಂಡಕ್ಕಿ, ಹಸಿಮೆಣಸಿನಕಾಯಿ, ಮೊಣಕಾಲಿನ ಮುಲಾಮು.
ಅವನ ಕ್ಯಾರಿಯರಿಗೆ ಕಂಬಳಿ, ಪಂಪು, ಸ್ಪ್ಯಾನರಿನ ಡಬ್ಬಿ.
ನೋಡಿದವರು ಸಾಲಕ್ಕೆ ಹೆದರಿ ಊರು ಬಿಟ್ಟರು ಅನ್ನಬೇಕು, ಹಾಗೆ.

ಆನಗೋಡಿನ ಹತ್ತಿರ ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿದ್ದರು,
ಉಳಿದರ್ಧ ಲಾರಿಗಳದ್ದು. ನಡುವಿನ ಒಂದು ಗೇಣು ನಮ್ಮದು.
ಜೋಳ ಕಾಯುತ್ತಿದ್ದ ಮುದುಕಿ ಕೋಲೆತ್ತಿ ನಿಲ್ಲಿಸಿದಳು:
'ಬಸ್ಸಿಗೆ ರೊಕ್ಕ ಇಲ್ಲೇನ್ರಪ್ಪಾ? ಇಲ್ಲಾ ಹರಕಿ ಏನು?'
'ಹ್ಞೂಂ, ಹರಕಿ' ಅಂದ ತಿಪ್ಪೇಶ. ಏದುಸಿರಿನಲ್ಲಿ ಸುಳ್ಳು ಸಲೀಸು.
'ಯಾವ ದೇವ್ರಿಗೆ?'
'ಅದಿನ್ನೂ ಗೊತ್ತಾಗಿಲ್ಲಜ್ಜೀ.'

ಭರಮಸಾಗರ ದಾಟಿದ್ದೇ
ಮೂಡಗಾಳಿ ಎದೆಗೆ ಕೈಯಿಟ್ಟು ನೂಕಿತು.
ಗುಡ್ಡದ ನೆತ್ತಿಯಲ್ಲಿ ಸಾಲಾಗಿ ಗಾಳಿಯಂತ್ರಗಳು,
ಮೂರು ಕೈ ತಿರುವುತ್ತ, ಅವಸರವೇ ಇಲ್ಲದೆ.
ನಮಗೆ ಅಡ್ಡ ನಿಂತ ಗಾಳಿಯಲ್ಲೇ ಯಾರದೋ ಮನೆಯ ದೀಪ.

ಅವನು ಮುಂದೆ, ನಾನು ಹಿಂದೆ. ಮದುವೆಯಾದಾಗಿಂದ ಹೀಗೇ:
ಸಂತೆಯಲ್ಲಿ, ಆಸ್ಪತ್ರೆಯ ಮೆಟ್ಟಿಲಲ್ಲಿ, ಬೀಗರ ಮನೆಯ ಬೀದಿಯಲ್ಲಿ.
ಅವನ ಅಂಗಿಯ ಮೇಲೆ ಬೆವರು ಬರೆಯುವ ನಕ್ಷೆ
ನನಗೆ ಬಾಯಿಪಾಠ.
'ಸ್ವಲ್ಪ ನಿಲ್ಲೂ' ಅಂತ ಕೂಗಿದೆ. ಗಾಳಿ ಮಾತು ಕಿತ್ತುಕೊಂಡು
ಹಿಂದಕ್ಕೆಸೆಯಿತು. ದಾವಣಗೆರೆಯಲ್ಲಿ ಯಾರೋ ನಿಂತಿರಬೇಕು.

ದುರ್ಗದ ಲಾಡ್ಜಿನಲ್ಲಿ ಜಗಳವಾಡಲೂ ತ್ರಾಣವಿಲ್ಲದೆ
ಒಬ್ಬರ ಮೊಣಕಾಲಿಗೆ ಒಬ್ಬರು ಮುಲಾಮು ತಿಕ್ಕಿ ಮಲಗಿದೆವು.

ಹಿರಿಯೂರು ಕಳೆದು ಮಾರಿಕಣಿವೆಯ ದಾರಿ.
ಜಾಲಿಮುಳ್ಳು. ಅವನ ಹಿಂದಿನ ಗಾಲಿ ಉಸ್ಸೆಂದಿತು.
ಡಬ್ಬಿ ತೆರೆದ. ಹನ್ನೊಂದು ಸ್ಪ್ಯಾನರು, ಉಪ್ಪುಕಾಗದ,
ಕತ್ತರಿಸಿಟ್ಟ ತೇಪೆ, ಎಲ್ಲ ಇದೆ;
ಸಲೂಷನ್ ಇಲ್ಲ.
ಅವನ ಮುಖ ನೋಡಿದೆ. ಅಂಗಡಿಯ ಕಟ್ಟೆಯ ಕೆಳಗೆ
ಸೈಕಲ್ ಹಿಡಿದು ನಿಲ್ಲುತ್ತಾರಲ್ಲ, ಆ ಗಿರಾಕಿಯ ಮುಖ.

ತಳ್ಳಿಕೊಂಡು ಹೊರಟೆವು.
ತಳ್ಳುವಾಗ ಯಾರೂ ಮುಂದಿಲ್ಲ, ಯಾರೂ ಹಿಂದಿಲ್ಲ.
ಎರಡು ಮೈಲಿ ಸುಮ್ಮನಿದ್ದು ಅವನೇ ಬಾಯಿ ಬಿಟ್ಟ:
'ಹಾಲೂ, ನಿನ್ನ ಸೈಕಲ್ಲು ಕೊಂಡಿದ್ದಲ್ಲ.
ರಿಪೇರಿಗೆ ಬಿಟ್ಟು ಹೋದವರು ಬರಲೇ ಇಲ್ಲ. ಎರಡು ವರ್ಷ ಕಾದೆ.
ಬಣ್ಣ ಬಳಿದು ನಿನಗೆ ತಂದೆ. ಆಮೇಲೊಂದು ದಿನ
ಬಂದಳು ಒಬ್ಬ ಹುಡುಗಿ, ಚೀಟಿ ಹಿಡಕೊಂಡು.
ಇಲ್ಲವೇ ಇಲ್ಲ ಅಂದುಬಿಟ್ಟೆ.'

ಹ್ಯಾಂಡಲಿನ ಕೆಳಗೆ, ಬಣ್ಣ ಎದ್ದಲ್ಲಿ,
ಮೊಳೆಯಿಂದ ಕೆರೆದ ಹೆಸರು: ಪಂಕಜ.
ಇಪ್ಪತ್ತೆರಡು ವರ್ಷ ಅದನ್ನು ಒರೆಸಿದ್ದೇನೆ, ಎಣ್ಣೆ ಸವರಿದ್ದೇನೆ.
ಯಾವಳವಳು ಎಂದು ಕೇಳದೆ
ಸಾರಿಗೆ ಉಪ್ಪು ಹೆಚ್ಚು ಹಾಕಿದ್ದೇನೆ, ಕೆಲವು ರಾತ್ರಿ ಗೋಡೆಗೆ ತಿರುಗಿದ್ದೇನೆ.

ನಗು ಬಂತು. ನಿಲ್ಲಲೇ ಇಲ್ಲ. ರಸ್ತೆ ಪಕ್ಕ ಕೂತೆ.
ಅವನಿಗೆ ಏನೂ ತಿಳಿಯದೆ ನೀರಿನ ಬಾಟಲಿ ಹಿಡಿದು ನಿಂತ.
ನಾನೂ ಹೇಳಲಿಲ್ಲ. ಒಂದು ನನ್ನದೂ ಇರಲಿ, ತೇಪೆಯೊಳಗೆ.

ಎರಡು ಗುಡ್ಡದ ನಡುವೆ ನೀರು ತಡೆದು ನಿಂತ ಕಟ್ಟೆಯ ಮೇಲೆ
ಮಂಡಕ್ಕಿ ಮುಗಿಯಿತು. ಮೆಣಸಿನಕಾಯಿ ಒಂದೇ ಉಳಿದಿತ್ತು;
ಅರ್ಧರ್ಧ ಕಚ್ಚಿದೆವು.

ಹೊಸದುರ್ಗದಿಂದ ಗಾಳಿ ಬೆನ್ನಿಗೆ. ಈಗ ನಾನು ಮುಂದೆ.
ಸೂಳೆಕೆರೆಯ ಏರಿಯಲ್ಲಿ ಎಮ್ಮೆ ಹೊಡಕೊಂಡು ಹೋಗುತ್ತಿದ್ದ ಹುಡುಗ:
'ಹರಕಿ ಏನ್ರೀ ಅಮ್ಮಾ?'
'ಹೌದಪ್ಪಾ.'
'ಯಾವ ದೇವ್ರು?'
'ಪಂಕಜಮ್ಮ.'
'ಗುಡಿ ಎಲ್ಲೈತಿ?'
'ಗುಡಿ ಇಲ್ಲ. ತಿರುಗ್ತಾ ಇರ್ತಾಳೆ' ಅಂದೆ, ಬೆಲ್ಲು ಬಾರಿಸಿದೆ.
ಹಿಂದೆ ಅವನ ಪೆಡಲು ಒಂದು ಸುತ್ತು ತಪ್ಪಿದ್ದು ಕೇಳಿಸಿತು.